ಇಪ್ಪತ್ತೊಂದು ಕೊಡ ಬಿಸಿನೀರು

ನಾನು ಬಗ್ಗಿಸಲಾಗದ ಮರ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ನನ್ನ ಹೆಸರು ಕೇಳಿದ ಕೂಡಲೇ ತಾನಾಗಿಯೇ ಬಗ್ಗುತ್ತದೆ. ಹರಿಹರದ ಹತ್ತಿರ ತುಂಗಭದ್ರೆ ಒಂದು ತಿರುವು ಹಾಕಿದೆಯಲ್ಲ, ಅದನ್ನೂ ನಾನೇ ಬಗ್ಗಿಸಿದ್ದು ಎಂದು ನಮ್ಮ ಕೇರಿಯ ಮಕ್ಕಳಿಗೆ ಹೇಳಿದ್ದೇನೆ. ಅವು ನಂಬಿವೆ. ನೀವು ನಂಬದಿದ್ದರೆ ಬಿಡಿ. ಆದರೆ ಈಗ ಹೇಳುವುದನ್ನು ನಂಬಲೇಬೇಕು. ಇದರಲ್ಲಿ ನಾನು ಸೇರಿಸಿದ ಸುಳ್ಳು ಬಹಳ ಕಡಿಮೆ. ನನ್ನ ಬಲಗಾಲನ್ನು ನೋಡಿದವರು ಒಪ್ಪುತ್ತಾರೆ.

ನನ್ನ ಹೆಸರು ಕಾಟಮ್ಮ. ಹರಿಹರದ ಹೊಳೆದಂಡೆ ಕೇರಿಯವಳು. ನಮ್ಮಪ್ಪ ಸರೇಸಿನ ದುರುಗಪ್ಪ. ಸರೇಸು ಎಂದರೆ ಬಡಗಿಗಳ ಅಂಟು. ತೊಗಲಿನ ಚೂರು, ಗೊರಸು, ನರ ಎಲ್ಲ ಹಾಕಿ ದಿನಗಟ್ಟಲೆ ಬೇಯಿಸಿ ಬಸಿದರೆ ಅದು ಬರುತ್ತದೆ. ಆ ವಾಸನೆಗೆ ನಮ್ಮ ಕೇರಿಯ ಮೇಲೆ ಕಾಗೆ ಕೂಡ ಮೂಗು ಮುಚ್ಚಿಕೊಂಡು ಹಾರುತ್ತಿತ್ತು. ಊರಿನ ಮಂಚ, ಮೇಜು, ದೇವರ ಪೀಠ, ಎಲ್ಲ ನಿಂತದ್ದು ನಮ್ಮಪ್ಪನ ಅಂಟಿನ ಮೇಲೆ. ಅಂಟು ಒಳಗೆ ಹೋಗುತ್ತಿತ್ತು. ಅಪ್ಪ ಹೊರಗೆ ನಿಲ್ಲುತ್ತಿದ್ದ.

ಆ ಅಂಟಿನ ಡಬ್ಬಿ ಹೊತ್ತು ನಾನು ಲಾಲ್ ಸಾಬರ ಶೆಡ್ಡಿಗೆ ಹೋಗುತ್ತಿದ್ದೆ. ಮರವನ್ನು ತೆಳ್ಳಗೆ ಸೀಳಿ, ಬಗ್ಗಿಸಿ, ಬಳ್ಳಿಯ ಹಾಗೆ ಸುತ್ತಿಸಿ ಕಮಾನು ಮಾಡುವುದರಲ್ಲಿ ಲಾಲ್ ಸಾಬರದು ಎತ್ತಿದ ಕೈ. ಆ ಎತ್ತಿದ ಕೈಯ ಮೂರು ಬೆರಳನ್ನು ಸಾಮಿಲ್ಲಿನ ಗರಗಸ ತಿಂದಿತು. ಒಂದು ದಿನ ಅವರು ಕುದಿಯುವ ನೀರಿನಿಂದ ಪಟ್ಟಿ ಎತ್ತಲಾಗದೆ ಒದ್ದಾಡುತ್ತಿದ್ದರು. ನಾನು ಡಬ್ಬಿ ಕೆಳಗಿಟ್ಟೆ. ಪಟ್ಟಿ ಎತ್ತಿದೆ. ಅಚ್ಚಿಗೆ ಸುತ್ತಿದೆ. ಒಂದೇ ಸಲಕ್ಕೆ.

"ಅರೆ ಬೇಟಿ, ನಿನ್ನ ಬೆರಳಾಗ ಎಲುಬು ಐತೋ ಇಲ್ಲೋ?" ಎಂದರು ಲಾಲ್ ಸಾಬರು.

"ಐತ್ರಿ ಉಸ್ತಾದ್. ನಿಮ್ಮ ಎದುರಿಗೆ ಅಂತ ಸುಮ್ನೆ ಬಗ್ಗೈತೆ" ಎಂದೆ.

ಅಂದಿನಿಂದ ಹನ್ನೆರಡು ವರ್ಷ ನಾನು ಅವರ ಕೈ. ಕೆಲಸ ಕೇಳಿ. ತಡಸಲು ಮರದ ಪಟ್ಟಿ, ಬೆರಳಗಲ, ಜೋಳದ ರೊಟ್ಟಿಯಷ್ಟು ದಪ್ಪ. ಒಂದು ದಿನ ತೊಟ್ಟಿಯಲ್ಲಿ ನೆನೆಹಾಕಬೇಕು. ಆಮೇಲೆ ಉದ್ದನೆಯ ತಗಡಿನ ದೋಣಿಯಲ್ಲಿ ಕುದಿಸಬೇಕು. ಕುದಿಯುವಾಗಲೇ ಬರಿಗೈಯಲ್ಲಿ ಎತ್ತಿ ಅಚ್ಚಿಗೆ ಬಗ್ಗಿಸಬೇಕು. ಇಪ್ಪತ್ತು ಉಸಿರು ಎಳೆಯುವುದರೊಳಗೆ ಬಗ್ಗಿತೋ, ಬಗ್ಗಿತು. ಇಲ್ಲವೋ, ಮುರಿಯಿತು. ಕೈಗೆ ಬಟ್ಟೆ ಸುತ್ತಿಕೊಂಡರೆ ಮರ ಎಲ್ಲಿ ನೋಯುತ್ತಿದೆ ಎಂದು ತಿಳಿಯದು. ಹಾಗಾಗಿ ಸುಟ್ಟುಕೊಳ್ಳಬೇಕು. ನನ್ನ ಹತ್ತು ಬೆರಳಲ್ಲೂ ಗೆರೆ ಇಲ್ಲ. ಪಡಿತರ ಚೀಟಿಗೆ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿ ಬೀಳುತ್ತದೆ.

ಬಗ್ಗಿಸಿದ್ದನ್ನು ಹಗ್ಗದಿಂದ ಬಿಗಿದು ನೆರಳಲ್ಲಿ ಒಣಗಿಸಿ, ಮೂರು ಪಟ್ಟಿ ಒಂದರ ಮೇಲೊಂದು ಸರೇಸಿನಿಂದ ಕೂಡಿಸಿದರೆ ಒಂದು ಬಳ್ಳಿ. ಕೊನೆಗೆ ಅರಗಿನ ಪಾಲಿಶ್. ಮುಂದೆ ಒಂದು ಸಲ, ಹಿಂದೆ ಎರಡು ಸಲ. ಲಾಲ್ ಸಾಬರು ಮೊದಲ ದಿನವೇ ಹೇಳಿಕೊಟ್ಟಿದ್ದರು: "ಮರ ಮರೆಯಂಗಿಲ್ಲ ಬೇಟಿ. ನೀರು ಕುಡಿಸಿ ಬಗ್ಗಿಸಿದ್ದು, ಮತ್ತೆ ನೀರು ಕುಡಿದ್ರೆ ನೆಟ್ಟಗಾಗಾಕ ನೋಡ್ತೈತೆ. ಸರೇಸಂತೂ ಬಿಸಿನೀರು ಕಂಡ್ರೆ ಬೆಲ್ಲ. ಅದಕ್ಕೇ ಹಿಂದಕ್ಕ ಅರಗು ಮರೀಬ್ಯಾಡ." ನಾನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಮರೆಯಲಿಲ್ಲ.

ನಮ್ಮ ಕೆಲಸಕ್ಕೆ ಒಂದು ಪದ್ಧತಿ ಇದೆ. ಕಮಾನು ಎಷ್ಟೇ ದೊಡ್ಡದಿರಲಿ, ಒಂದು ಬಳ್ಳಿಯನ್ನು ಕೂಡಿಸದೆ ಉಳಿಸುತ್ತೇವೆ. ಅದು ಕೊನೆಬಳ್ಳಿ. ಮನೆಯವರು, ನೆಂಟರು ಎಲ್ಲ ಸೇರಿದಾಗ, ಬಗ್ಗಿಸಿದವರು ಒಳಗೆ ಹೋಗಿ ತಮ್ಮ ಕೈಯಿಂದ ಅದನ್ನು ಕೂಡಿಸಬೇಕು. ಮನೆಯ ಹಿರಿಯರು ವೀಳ್ಯ, ತೆಂಗಿನಕಾಯಿ ಕೊಟ್ಟು, ಇದು ಇಂಥವರ ಕೈ ಎಂದು ಹೆಸರು ಹಿಡಿದು ಹೇಳಬೇಕು. ಅಷ್ಟಾದರೆ ಕೆಲಸ ಮುಗಿಯಿತು ಎಂದು ಲೆಕ್ಕ.

ಹನ್ನೆರಡು ವರ್ಷ ಕೊನೆಬಳ್ಳಿ ಕೂಡಿಸಿದ್ದು ಲಾಲ್ ಸಾಬರು. ಎರಡು ಬೆರಳಿನಿಂದ. ಹನ್ನೆರಡು ವರ್ಷ ಜನ ಹೇಳಿದ್ದು 'ಲಾಲ್ ಸಾಬರ ಕೈ'. ನಾನು ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತು ಒಳಗಿನ ಚಪ್ಪಾಳೆ ಕೇಳುತ್ತಿದ್ದೆ. ಉಸ್ತಾದರು ಕೆಟ್ಟವರಲ್ಲ. ಹೆದರಿದವರು. ಅವರನ್ನೇ ಎಷ್ಟೋ ಮನೆಯಲ್ಲಿ ಜಗುಲಿಯಿಂದ ಈಚೆಗೆ ಮಾತಾಡಿಸಿ ಕಳಿಸುತ್ತಿದ್ದರು. ನನ್ನ ಹೆಸರನ್ನು ಎಲ್ಲಿ ತೆಗೆಯುತ್ತಾರೆ?

ದಾವಣಗೆರೆ ಜಿಲ್ಲೆಯಾಗಿ ಐದಾರು ತಿಂಗಳಾಗಿತ್ತು. ಜಿಲ್ಲೆಯಾದ ಖುಷಿಗೋ ಏನೋ, ಉಳ್ಳವರೆಲ್ಲ ಮನೆ ಕಟ್ಟಲು ಬಿದ್ದಿದ್ದರು. ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ವ್ಯಾಪಾರದ ರುದ್ರಮುನಿ ಸಾಹುಕಾರರು ಮೂರು ಅಂತಸ್ತು ಎಬ್ಬಿಸಿದರು. ಆ ಮನೆಯ ನೆತ್ತಿ ನೋಡಲು ಹೋಗಿ ನನ್ನ ಸೆರಗು ಜಾರಿ, ಕುತ್ತಿಗೆ ಉಳುಕಿ, ಮೂರು ದಿನ ಆಕಾಶ ನೋಡಿಕೊಂಡೇ ಉಂಡೆ. ದೇವರ ಮನೆಗೆ ಎಂಟಡಿ ಕಮಾನು ಬೇಕು ಎಂದರು. ಇಪ್ಪತ್ತೇಳು ಬಳ್ಳಿ, ನಡುನಡುವೆ ಗಿಳಿ. ಸಾಹುಕಾರರ ತಾಯಿ ಅಕ್ಕನಾಗಮ್ಮನವರದು ಒಂದೇ ಹಟ: "ದೇವರ ಕಮಾನಿಗೆ ಕಬ್ಬಿಣ ತಾಗಬಾರ್ದು. ಒಂದು ಮೊಳಿ ಕಂಡ್ರೂ ನಾ ಒಪ್ಪಂಗಿಲ್ಲ."

"ಮೊಳಿ ಇರಂಗಿಲ್ರಿ ಅಮ್ಮಾರೆ. ಬರೇ ಅಂಟು" ಎಂದರು ಲಾಲ್ ಸಾಬರು. ಯಾವ ಅಂಟು ಎಂದು ಮುದುಕಿ ಕೇಳಲಿಲ್ಲ. ಯಾರೂ ಕೇಳುವುದಿಲ್ಲ.

ಹರಿಹರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಉಸ್ತಾದರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಈ ಸಲ ಕೊನೆಬಳ್ಳಿ ನೀನೇ ಕೂಡಿಸು. ನಾನು ಎಲ್ಲರ ಮುಂದ ಹೇಳ್ತೀನಿ, ಇದು ಕಾಟಮ್ಮನ ಕೈ ಅಂತ."

"ಬಾಯಿ ತಪ್ಪಿ ಅಂದ್ರೋ, ಖರೇ ಅಂದ್ರೋ?"

"ಅಲ್ಲಾನ ಆಣೆ. ನನಗೂ ವಯಸ್ಸಾತು. ಸುಳ್ಳು ಹೊತ್ತುಕೊಂಡು ಕಬರಿಗೆ ಹೋಗಾಕ ಮನಸ್ಸಿಲ್ಲ."

ಆ ದಿನ ನಾನು ಬಸ್ಸಿನಲ್ಲಿ ಕೂತಿರಲಿಲ್ಲ. ಬಸ್ಸು ನನ್ನ ಮೇಲೆ ಕೂತಿತ್ತು, ನಾನೇ ಅದನ್ನು ಹೊತ್ತು ಹರಿಹರಕ್ಕೆ ಓಡಿದೆ. ಅಷ್ಟು ಬಲ ಬಂದಿತ್ತು.

ಎಂಟಡಿ ಕಮಾನನ್ನು ಬಸ್ಸಿನಲ್ಲಿ ಸಾಗಿಸಲಾಗದು. ಹೊಸ ಮನೆಯ ಹಿತ್ತಲಲ್ಲೇ ಒಲೆ ಹೂಡಿದೆವು. ದೋಣಿ, ತೊಟ್ಟಿ, ಅಚ್ಚು ಎಲ್ಲ ತಂದೆವು. ನೀನು ಯಾರ ಪೈಕಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಸಾಬರ ಜೊತೆ ಬಂದವಳು ಸಾಬರ ಪೈಕಿ ಎಂದುಕೊಂಡರು. ನಾನು ತಿದ್ದಲಿಲ್ಲ. ಕೆಲಸಕ್ಕೆ ಬಂದವಳು ನಾನು, ಜನಗಣತಿಗೆ ಬಂದವಳಲ್ಲ.

ಎಂಟು ದಿನ ಕುದಿಸಿದೆ, ಎತ್ತಿದೆ, ಬಗ್ಗಿಸಿದೆ. ಮೊದಲು ಬಗ್ಗಿದವು ಒಣಗಿದ ಹಾಗೆ ಹಾಗೇ ಕೂಡಿಸುತ್ತಾ ಬಂದೆ. ಬೆನ್ನು ಅಚ್ಚಿನ ಹಾಗೆಯೇ ಆಯಿತು. ರಾತ್ರಿ ನೆಟ್ಟಗೆ ಮಲಗಲಾಗುತ್ತಿರಲಿಲ್ಲ. ಬಳ್ಳಿ ಒಂದೊಂದೇ ಎದ್ದವು. ನನ್ನ ಗಿಳಿಗಳನ್ನು ನೋಡಿ ನಿಜವಾದ ಗಿಳಿಗಳು ಬಂದು ಸಂಬಂಧ ಕೇಳಿದವು. ಅಕ್ಕನಾಗಮ್ಮನವರು ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಳಿಸುತ್ತಿದ್ದರು. ಅಕ್ಕಪಕ್ಕದ ಹೆಂಗಸರನ್ನು ಕರೆತಂದು ತೋರಿಸುತ್ತಿದ್ದರು. ಒಂದು ಸಂಜೆ ಹತ್ತಿರ ಬಂದು ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದರು.

"ಎಷ್ಟು ಸುಟ್ಕೊಂಡೀಯೇ ತಂಗಿ! ಈ ಕೈಗೆ ಬಂಗಾರದ ಬಳಿ ಹಾಕಬೇಕು ನೋಡು" ಎಂದರು.

"ಬಳಿ ಬ್ಯಾಡ್ರಿ ಅಮ್ಮಾರೆ. ಮನಿ ಪ್ರವೇಶದ ದಿನ ಕೊನೆಬಳ್ಳಿ ನಾನು ಕೂಡಿಸ್ತೀನಿ. ನೀವು ವೀಳ್ಯ ಕೊಟ್ಟು ನನ್ನ ಹೆಸರು ಹೇಳ್ರಿ."

"ಹೇಳದೆ ಇರ್ತೀನಾ? ಇಡೀ ದಾವಣಗೆರಿಗೆ ಕೇಳೋಹಂಗ ಹೇಳ್ತೀನಿ."

ನನ್ನ ಹೆಸರೇನು ಎಂದು ಮಾತ್ರ ಕೇಳಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಕೊಟ್ರೇಶ ಬಂದ. ಸಾಹುಕಾರರ ಹೆಂಡತಿಯ ತಮ್ಮ. ಹರಿಹರದಲ್ಲಿ ಗೊಬ್ಬರದ ಅಂಗಡಿ. ಎಲ್ಲರೂ ಕಮಾನು ನೋಡಿದರೆ ಅವನು ನನ್ನನ್ನು ನೋಡಿದ.

"ಲೇ, ನೀನು ಸರೇಸಿನ ದುರುಗನ ಮಗಳಲ್ಲೇನು? ಕೇರಿ ಕಾಟಿ?"

"ಕಾಟಮ್ಮ" ಎಂದೆ. ಕೈಯಲ್ಲಿ ಬಗ್ಗುತ್ತಿದ್ದ ಪಟ್ಟಿ ಇತ್ತು. ಬಿಡುವ ಹಾಗಿರಲಿಲ್ಲ.

"ಅತ್ತೀ, ನಿಮ್ಮ ದೇವರ ಕಮಾನು ಯಾರು ಮಾಡ್ತಿದಾರೆ ಗೊತ್ತೇನ್ರಿ? ಇವರಪ್ಪ ಸತ್ತ ದನದ ತೊಗಲು ಬೇಯಿಸ್ತಿದ್ದ!"

ಅಕ್ಕನಾಗಮ್ಮ ಕಮಾನಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಕೆಂಡ ಮುಟ್ಟಿದ ಹಾಗೆ ಕೈ ಎಳೆದುಕೊಂಡಳು. ನನ್ನ ಬೆರಳು ಹಿಡಿದಿದ್ದ ಕೈ ಅದು. ಅದನ್ನು ಗೋಡೆಗೆ ಉಜ್ಜಿದಳು. ಮಣ್ಣಿಗೆ ಉಜ್ಜಿದಳು. ಮತ್ತೆ ಗೋಡೆಗೆ ಉಜ್ಜಿದಳು. ಇನ್ನು ಮುಂದೆ ಅವಳನ್ನು ನಾನು ಅವರು ಇವರು ಎನ್ನುವುದಿಲ್ಲ.

"ಸಾಬಾ, ಇದೇನೋ ಮಾಡ್ದಿ?" ಎಂದಳು. ಆವರೆಗೆ ಅವರೂ ಲಾಲ್ ಸಾಬರಾಗಿದ್ದರು.

ಕೊಟ್ರೇಶ ನನ್ನ ಹತ್ತಿರ ಬಂದ. "ಬಿಡೇ ಅದನ್ನ" ಎಂದ.

"ಬಿಟ್ರೆ ಮುರೀತೈತೆ. ಇಪ್ಪತ್ತು ಉಸಿರು ತಡೀರಿ."

ಅವನು ದೋಣಿಯನ್ನು ಒದ್ದ.

ಕುದಿಯುವ ನೀರು ನನ್ನ ಬಲಪಾದದ ಮೇಲೆ ಬಿತ್ತು. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಬಂತು. ನಾನು ಕೂಗಿದೆ. ಆ ಕೂಗಿಗೆ ಮಲೆಬೆನ್ನೂರಿನ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳು ನಿಂತವು. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಇಳಿದು ಟೈರು ನೋಡಿದರು. ಆದರೆ ಆ ಹಿತ್ತಲಲ್ಲಿ ನಿಂತಿದ್ದ ಯಾರಿಗೂ ಅದು ಕೇಳಿಸಲಿಲ್ಲ.

ನಲ್ಲಿ ಹತ್ತು ಹೆಜ್ಜೆ ದೂರದಲ್ಲಿತ್ತು. ಕುಂಟುತ್ತಾ ಹೊರಟೆ.

"ನಲ್ಲಿ ಮುಟ್ಟಬ್ಯಾಡ!" ಎಂದು ಅಕ್ಕನಾಗಮ್ಮ ಕಿರುಚಿದಳು.

ಇದರಲ್ಲಿ ಒಂದಕ್ಷರ ನಾನು ಸೇರಿಸಿಲ್ಲ. ಪಾದದ ಮಾಂಸ ಕಾಣುತ್ತಿತ್ತು. ಅವಳು ನಲ್ಲಿ ಮುಟ್ಟಬ್ಯಾಡ ಎಂದಳು.

ಪಟ್ಟಿ ನೆನೆಹಾಕಿದ್ದ ತೊಟ್ಟಿ ಪಕ್ಕದಲ್ಲೇ ಇತ್ತು. ಅದರೊಳಗೆ ಕಾಲಿಟ್ಟು ಕೂತೆ. ಲಾಲ್ ಸಾಬರು ಓಡಿಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ನಾನು ಅಳಲಿಲ್ಲ. ತೊಟ್ಟಿಯ ನೀರು ಕೆಂಪಾಗುವುದನ್ನು ನೋಡುತ್ತಾ, ಅವರು ಮಾತಾಡುವುದನ್ನು ಕೇಳುತ್ತಾ ಕೂತೆ.

ಕಾರ್ಡು ಹಂಚಿಯಾಗಿತ್ತು. ಪ್ರವೇಶಕ್ಕೆ ಆರು ದಿನ. ಬೇರೆ ಕಮಾನು ಮಾಡಿಸಲು ದಿನವಿಲ್ಲ, ಮಾಡುವವರೂ ಇಲ್ಲ. ಬಳ್ಳಾರಿಯಿಂದ ಬೀಗರು ಬರುವವರಿದ್ದರು, ಸಾಹುಕಾರರ ಮಗಳಿಗೆ ಸಂಬಂಧ ಮಾತಾಡುತ್ತಿದ್ದವರು. ಅವರಿಗೆ ಕಮಾನಿನ ಸುದ್ದಿ ಆಗಲೇ ಹೋಗಿತ್ತು. ಮನೆಯ ಪೂಜೆ ಮಾಡಿಸುವ ಅಯ್ನೋರನ್ನು ಕರೆಸಿದರು. ಅಯ್ನೋರು ಕಮಾನನ್ನು ಸುತ್ತ ನೋಡಿದರು. ಅವರ ಕಣ್ಣಿಗೂ ಅದು ಬಿಡಲು ಮನಸ್ಸಾಗದಷ್ಟು ಚೆಂದ ಕಂಡಿತು. ನಾನು ಮಾಡಿದ್ದಲ್ಲವೇ!

"ಮರಕ್ಕ ಏನು ದೋಷ? ತೊಳೆದ್ರ ಹೋತು. ಒಳಗ ಕೂಡಿಸಿ, ಏಳು ಕೊಡ ನೀರು ಹಾಕ್ರಿ" ಎಂದರು ಅಯ್ನೋರು.

"ಇನ್ನೂ ಒಂಬತ್ತು ಬಳ್ಳಿ ಬಾಕಿ ಐತಲ್ಲ?" ಎಂದರು ರುದ್ರಮುನಿ ಸಾಹುಕಾರರು. ಅವರು ಬಾಯಿ ತೆರೆದದ್ದು ಅದೇ ಮೊದಲು. ನನ್ನ ಕಾಲಿನ ಕಡೆ ನೋಡಲಿಲ್ಲ. ಬಳ್ಳಿ ಎಣಿಸುತ್ತಿದ್ದರು.

"ಇವಳೇ ಮುಗಿಸ್ಲಿ. ಹೊರಗ, ರಸ್ತೀಗೆ ಕೂತು ಮಾಡ್ಲಿ. ನಮಗ ಇವಳ ಕೈ ಬೇಕು, ಮುಖ ಬ್ಯಾಡ" ಎಂದ ಕೊಟ್ರೇಶ. "ಕೊನೆಬಳ್ಳಿ ಸಾಬ ಕೂಡಿಸ್ಲಿ."

ಲಾಲ್ ಸಾಬರು ಎದ್ದು ನಿಂತರು. "ಆಗಂಗಿಲ್ಲ ಸಾವ್ಕಾರ್ರೇ. ನಾವು ಹೊಂಟ್ವಿ. ಏಳು ಬೇಟಿ."

ನಾನು ಏಳಲಿಲ್ಲ.

"ಮುಗಿಸಿ ಕೊಡ್ತೀನ್ರಿ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ತಲೆ ತಗ್ಗಿಸುವುದರಲ್ಲೂ ನನ್ನಂಥವಳು ಇಲ್ಲ. ಎಷ್ಟು ಚೆನ್ನಾಗಿ ತಗ್ಗಿಸಿದೆ ಎಂದರೆ ಕೊಟ್ರೇಶ ತೃಪ್ತಿಯಿಂದ ಬೀಡಿ ಹಚ್ಚಿದ.

ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಒಲೆ ಹೂಡಿದೆವು. ಕಾಲಿಗೆ ಮುಲಾಮು ಹಚ್ಚಿ ಲಾಲ್ ಸಾಬರು ತಮ್ಮ ಟವಲ್ಲು ಸುತ್ತಿದರು. ಮೊದಲ ದಿನವೇ ಉಳಿದದ್ದೆಲ್ಲ ಬಗ್ಗಿಸಿ ಗಾಳಿಗೆ ಕಟ್ಟಿದೆ. ನನ್ನ ರಕ್ತ ಕುಡಿದ ಪಟ್ಟಿಗಳು. ಅವೂ ಬಗ್ಗಿದವು. ಹಾದು ಹೋಗುವ ಜನ ನೋಡಿ, ಏನು ಚೆಂದ, ಏನು ಚೆಂದ ಎಂದರು. ಆ ಜನರಿಗೆ ಗೊತ್ತಿಲ್ಲದ್ದು ಇಷ್ಟೇ. ನಾನು ಬಳ್ಳಿ ಬಗ್ಗಿಸುತ್ತಿರಲಿಲ್ಲ. ಬಿಲ್ಲು ಬಗ್ಗಿಸುತ್ತಿದ್ದೆ.

ಐದನೇ ದಿನ ಅವನ್ನೂ ಕೂಡಿಸಿ ಅರಗಿನ ಪಾಲಿಶ್ ಹಿಡಿದೆ. ಇಡೀ ಕಮಾನಿಗೆ ಮುಂದೆ ಹಚ್ಚಿದೆ. ಕನ್ನಡಿಯ ಹಾಗೆ ಹೊಳೆಯಿತು. ಹಿಂದೆ ತಿರುಗಿಸಿದಾಗ ಕುಂಚ ಕೆಳಗಿಟ್ಟೆ.

"ಹಿಂದಕ್ಕ ಹಚ್ಚಂಗಿಲ್ರಿ ಉಸ್ತಾದ್."

ಲಾಲ್ ಸಾಬರು ನನ್ನನ್ನೇ ನೋಡಿದರು. "ನೀರು ಬಿದ್ರೆ?"

"ಬಿದ್ರೆ ಅವರು ಹಾಕಿದ್ದು."

"ಬೀಳದಿದ್ರೆ?"

"ನೂರು ವರ್ಷ ನಿಲ್ತೈತೆ. ನಾನು ಮುಟ್ಟಿದ್ದು ಹಂಗೇ ಇರ್ಲಿ ಅಂತ ಬಿಟ್ರೆ, ಅವರ ಮೊಮ್ಮಕ್ಕಳು ಅದರ ಕೆಳಗ ದೀಪ ಹಚ್ತಾರೆ. ಅವರ ಕೈಯಾಗೇ ಐತೆ."

ಅವರು ಉಳಿದ ಎರಡು ಬೆರಳಿನಿಂದ ಅರಗಿನ ಡಬ್ಬಿಯ ಮುಚ್ಚಳ ಎತ್ತಿ ಬಿಗಿಯಾಗಿ ಮುಚ್ಚಿದರು.

ಕೊನೆಬಳ್ಳಿ ಒಂದನ್ನು ಮಾತ್ರ ನಾನು ಪದ್ಧತಿ ಪ್ರಕಾರ ಮಾಡಿದೆ. ಮುಂದೆ ಒಂದು, ಹಿಂದೆ ಎರಡು. ಸಾಲದೆಂದು ಅಂಚಿಗೂ ಹಚ್ಚಿದೆ. ಅದನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟುಕೊಂಡೆ.

ಪ್ರವೇಶದ ದಿನ ಬೆಳಿಗ್ಗೆ ಕಮಾನನ್ನು ಒಳಗೆ ಒಯ್ಯಲು ಬಂದರು. ಲಾಲ್ ಸಾಬರೂ ಒಂದು ಕಡೆ ಹಿಡಿದರು. ಸಾಹುಕಾರರು, ಕೊಟ್ರೇಶ, ಅಕ್ಕನಾಗಮ್ಮ, ಅಯ್ನೋರು ಎಲ್ಲ ಗೇಟಿನಲ್ಲಿ ನಿಂತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಹೇಳಿದೆ. ಮುಚ್ಚಿಡಲಿಲ್ಲ.

"ಸಾವ್ಕಾರ್ರೇ, ಇದಕ್ಕ ನೀರು ಹಾಕಬ್ಯಾಡ್ರಿ. ಅಂಟಿನ ಕೆಲಸ. ತಣ್ಣೀರಾದ್ರೆ ಒಂದೀಟು ತಡ್ಕೊಂತೈತೆ. ಬಿಸಿನೀರು ಮಾತ್ರ ಬ್ಯಾಡೇ ಬ್ಯಾಡ. ಹಂಗೇ ಇಟ್ರೆ ನಿಲ್ತೈತೆ. ತೊಳದ್ರೆ ನಿಲ್ಲಂಗಿಲ್ಲ."

ಕೊಟ್ರೇಶ ನಕ್ಕ. "ನೋಡಿದ್ರಾ ಆಟ! ಇವಳ ಮೈಲಿಗಿ ನಮ್ಮ ದೇವರ ಮನ್ಯಾಗ ಉಳೀಬೇಕಂತೆ. ಏಳು ಕೊಡ ಸಾಲದು ಭಾವಾ. ಇಪ್ಪತ್ತೊಂದು ಹಾಕಸ್ರಿ. ಹಂಡೇದಾಗ ಕಾಯಿಸಿ, ಕೊತಕೊತ ಕುದಿಯೋದೇ ಹಾಕಸ್ರಿ!"

"ಹಂಗೇ ಮಾಡ್ರಿ. ಬಿಸಿನೀರಾದ್ರ ಪೂರ್ತಿ ಹೋಗ್ತದ" ಎಂದಳು ಅಕ್ಕನಾಗಮ್ಮ.

ನಾನು ಮುಖ ಸಣ್ಣದು ಮಾಡಿದೆ. "ಬ್ಯಾಡ್ರಿ ಅಮ್ಮಾರೆ" ಎಂದು ಇನ್ನೊಂದು ಸಲ ಅಂದೆ. ಕೊಟ್ರೇಶನ ಮನಸ್ಸನ್ನು ಬಗ್ಗಿಸಲು ನನಗೆ ಇಪ್ಪತ್ತು ಉಸಿರೂ ಬೇಕಾಗಲಿಲ್ಲ. ನಾಲ್ಕು ಸಾಕಾಯಿತು.

ನಾನು ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತೆ. ದೇವರ ಮನೆ ಮುಂಬಾಗಿಲಿಗೆ ನೇರವಾಗಿತ್ತು. ರಸ್ತೆಯಲ್ಲಿ ಹೋಗುವವರಿಗೂ ಕಮಾನು ಕಾಣಲಿ ಎಂದು ಸಾಹುಕಾರರೇ ಹಾಗೆ ಕಟ್ಟಿಸಿದ್ದರು. ಅವರಿಗೆ ಒಳ್ಳೆಯದಾಗಲಿ. ನಾಟಕ ಕಂಪನಿಯ ಮುಂದಿನ ಸಾಲಿನ ಕುರ್ಚಿ ಸಿಕ್ಕ ಹಾಗಾಯಿತು ನನಗೆ.

ಇಪ್ಪತ್ತೊಂದು ಕೊಡ. ಒಂದೊಂದನ್ನೂ ಎಣಿಸಿದೆ. ಹಬೆ ಎದ್ದು ಹೊಸ್ತಿಲು ದಾಟಿ ಬಂತು. ಆಮೇಲೆ ಹೂವಿನ ಹಾರ ಹಾಕಿದರು. ಬಳ್ಳಾರಿಯ ಬೀಗರು ಬಂದರು. ನೆಂಟರು ತುಂಬಿದರು. ಒಂದು ತಾಸು ಏನೂ ಆಗಲಿಲ್ಲ. ಕೊನೆಬಳ್ಳಿಗೆ ಮಂತ್ರ ಮುಗಿಯಬೇಕಿತ್ತು; ಅಲ್ಲಿಯವರೆಗೆ ಲಾಲ್ ಸಾಬರು ಬಂದು ನನ್ನ ಪಕ್ಕದಲ್ಲಿ ಕೂತು ಉಗುರು ಕಚ್ಚಿದರು.

"ಬೇಟಿ, ನಿನ್ನ ಅಂಟು ಬಹಳ ಗಟ್ಟಿ ಇತ್ತೇನೋ."

"ನಮ್ಮಪ್ಪ ಕಲಿಸಿದ ಅಂಟು. ಗಟ್ಟಿ ಇರ್ದೆ ಇರ್ತೈತಾ? ತಡೀರಿ."

ಮೊದಲು ಬಂದದ್ದು ವಾಸನೆ. ಬಿಸಿನೀರು ಕುಡಿದು ಸರೇಸು ಕರಗತೊಡಗಿತ್ತು. ತೊಗಲು, ಗೊರಸು, ನರ. ನಮ್ಮ ಕೇರಿಯ ವಾಸನೆ. ಊದುಬತ್ತಿ, ಕರ್ಪೂರ, ಮಲ್ಲಿಗೆ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಅದು ದೇವರ ಮನೆಯಿಂದ ಹೊರಟು ನಡುಮನೆಗೆ ಬಂತು. ಬಳ್ಳಾರಿಯ ಬೀಗತಿ ಸೆರಗು ಮೂಗಿಗೆ ಹಿಡಿದಳು. ನಮ್ಮಪ್ಪ ಬದುಕಿದ್ದಷ್ಟು ದಿನ ಯಾವ ಮನೆಯ ಹೊಸ್ತಿಲೂ ದಾಟಿರಲಿಲ್ಲ. ಅವತ್ತು ದಾಟಿದ. ಕೆ.ಬಿ. ಬಡಾವಣೆಯ ಮೂರು ಅಂತಸ್ತಿನ ಮನೆಯಲ್ಲಿ ಸರೇಸಿನ ದುರುಗಪ್ಪ ಕೋಣೆ ಕೋಣೆಗೆ ಹೋಗಿ ಕೂತ.

ಆಮೇಲೆ ಒಂದು ಗಿಳಿ ಬಿತ್ತು. ಟಪ್. ಅಯ್ನೋರ ಮಂತ್ರ ನಿಂತಿತು.

ಆಮೇಲೆ ಕಮಾನು ಕಿರುಗುಟ್ಟಿತು. ಬಳ್ಳಿಯ ಮೂರು ಪದರ ಬಾಯಿ ಬಿಟ್ಟವು. ಒಂದು ಪಟ್ಟಿ ಬಿಡಿಸಿಕೊಂಡು ನೆಟ್ಟಗಾಯಿತು. ಸುಂಯ್ ಎಂದಿತು. ಹಾರ ಹರಿದು ಹೂವು ಬೀಗರ ಮೇಲೆ ಚೆಲ್ಲಿತು. ಇನ್ನೊಂದು. ಮತ್ತೊಂದು. ಎಂಟಡಿ ಕಮಾನಿನಲ್ಲಿ ಬಗ್ಗಿ ಕೂತಿದ್ದ ಮರವೆಲ್ಲ ಒಂದರ ಹಿಂದೆ ಒಂದು ಎದ್ದು ನಿಂತಿತು. ಗಿಳಿಗಳು ಹಾರಿದವು. ಹೆಂಗಸರು ಓಡಿದರು. ಕೊಟ್ರೇಶ ಎರಡೂ ಕೈಯಿಂದ ಕಮಾನನ್ನು ಅವುಚಿ ಹಿಡಿಯಲು ಹೋದ. ಒಂದು ಪಟ್ಟಿ ಅವನ ಕೆನ್ನೆಗೆ ಬಾರಿಸಿತು. ಆ ಪೆಟ್ಟಿಗೆ ಅವನ ಪೇಟ ಹಾರಿ ರಸ್ತೆಯ ಲೈಟು ಕಂಬಕ್ಕೆ ಸಿಕ್ಕಿಕೊಂಡಿತು. ಸರಿ, ಕಂಬಕ್ಕಲ್ಲ, ಮೆಟ್ಟಿಲಿಗೆ. ಆದರೆ ಕೆನ್ನೆಯ ಮೇಲಿನ ಬರೆ ಮಾತ್ರ ನಿಜ. ಬೆರಳಗಲ ಇತ್ತು.

ಹತ್ತು ನಿಮಿಷದಲ್ಲಿ ದೇವರ ಮನೆಯಲ್ಲಿ ಸೌದೆಯ ರಾಶಿ ಬಿದ್ದಿತ್ತು. ಅಂಟು ನೆಲದ ಮೇಲೆ ಹರಿಯುತ್ತಿತ್ತು. ಅಕ್ಕನಾಗಮ್ಮ ಅದರಲ್ಲಿ ಕಾಲಿಟ್ಟಿದ್ದಳು. ಎತ್ತಿದರೆ ಎಳೆ ಎಳೆಯಾಗಿ ಬರುತ್ತಿತ್ತು.

ನಾನು ನಕ್ಕೆನೇ? ನಕ್ಕೆ. ಹೊಂಗೆ ಮರದ ಎಲೆ ಉದುರುವ ಹಾಗೆ ನಕ್ಕೆ. ಸುಟ್ಟ ಕಾಲು ಉರಿಯುತ್ತಿತ್ತು. ಉರಿಯಲಿ ಎಂದು ನಕ್ಕೆ.

ಕೊಟ್ರೇಶ ಕೆನ್ನೆ ಹಿಡಿದುಕೊಂಡು ಗೇಟಿಗೆ ಓಡಿಬಂದ. "ಬೇಕಂತ ಮಾಡೀಯಲ್ಲೇ!"

ನಾನು ಎದ್ದು ನಿಂತೆ. ಒಂದೇ ಕಾಲಿನ ಮೇಲೆ. "ಬ್ಯಾಡ ಅಂದಿದ್ದೆ. ಎರಡು ಸಲ ಅಂದಿದ್ದೆ. ಇಪ್ಪತ್ತೊಂದು ಅಂದವರು ಯಾರು? ಬಿಸಿನೀರು ಅಂದವರು ಯಾರು? ಅಯ್ನೋರನ್ನ ಕೇಳು."

ಅವನು ಕೈ ಎತ್ತಿದ. ಲಾಲ್ ಸಾಬರು ನಡುವೆ ಬಂದು ನಿಂತರು. ಹನ್ನೆರಡು ವರ್ಷ ಗೋಡೆಗೆ ಒರಗಿಕೊಂಡೇ ನಿಲ್ಲುತ್ತಿದ್ದ ಮನುಷ್ಯ. ಗೇಟಿನ ತುಂಬ ನೆರೆದಿದ್ದ ನೆಂಟರಿಗೆ ಕೇಳುವ ಹಾಗೆ ಕೂಗಿದರು: "ಎಲ್ಲರೂ ಕೇಳ್ರಿ! ದಾವಣಗೆರಿ, ಹರಿಹರದಾಗ ನಿಮ್ಮ ಮನ್ಯಾಗ ಇರೋ ಲಾಲ್ ಸಾಬನ ಬಳ್ಳಿ ಯಾವುದೂ ಲಾಲ್ ಸಾಬಂದಲ್ಲ. ಹನ್ನೆರಡು ವರ್ಷದ್ದು ಎಲ್ಲಾ ಇವಳ ಕೈ. ಕಾಟಮ್ಮನ ಕೈ! ತೊಳಕೊಳ್ಳೋರು ಮನಿಗೆ ಹೋಗಿ ತೊಳಕೊಳ್ರಿ!"

ನೆಂಟರಲ್ಲಿ ನಾಲ್ಕು ಜನರ ಮುಖ ಬಿಳಿಚಿತು. ಅವರ ಮನೆಯಲ್ಲೂ ನನ್ನ ಬಳ್ಳಿ ಇದ್ದವು. ಆ ವಾರ ದಾವಣಗೆರೆಯಲ್ಲಿ ಎಷ್ಟು ಮನೆಯವರು ನೀರಿನ ಕೊಡ ಹಿಡಿದು ಕಮಾನಿನ ಮುಂದೆ ನಿಂತು, ಹಾಕಲೂ ಆಗದೆ ಬಿಡಲೂ ಆಗದೆ ಒದ್ದಾಡಿದರೋ, ದೇವರೇ ಬಲ್ಲ.

ರುದ್ರಮುನಿ ಸಾಹುಕಾರರು ಕೊನೆಗೆ ಬಂದರು. ಅಂಗಿಗೆ ಅಂಟು ಹತ್ತಿತ್ತು. ದನಿ ತಗ್ಗಿಸಿ, "ಒಳಗ ಬಾರಮ್ಮ. ಏನಾದ್ರೂ ಮಾಡು. ಬೀಗರು ಎದ್ದು ಹೊಂಟಾರ" ಎಂದರು.

ಒಳಗ ಬಾ. ಹನ್ನೆರಡು ವರ್ಷ ನಾನು ಕಾದ ಮಾತು. ಮುಂಬಾಗಿಲಿನಿಂದ, ಎಲ್ಲರ ಎದುರಿಗೆ.

"ಬರಂಗಿಲ್ಲ" ಎಂದೆ.

ಸೀರೆಯಲ್ಲಿ ಸುತ್ತಿದ್ದ ಕೊನೆಬಳ್ಳಿಯನ್ನು ತೆಗೆದು ತೋರಿಸಿದೆ. ಬಿಸಿಲಿಗೆ ಅದು ಬೆಂಕಿಯ ಹಾಗೆ ಹೊಳೆಯಿತು. ಸಾಹುಕಾರರ ಕೈ ತಾನಾಗಿ ಮುಂದೆ ಬಂತು. ನಾನು ಹಿಂದಕ್ಕೆ ಎಳೆದುಕೊಂಡೆ. "ಮುಟ್ಟಬ್ಯಾಡ್ರಿ" ಎಂದೆ. ಹರಿಹರದ ಬಸ್ಸು ಹತ್ತಿದೆವು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನನ್ನಂಥವಳ ಕತೆ ಅಷ್ಟು ಬೇಗ ಹೇಗೆ ಮುಗಿದೀತು?

ಆ ಬಳ್ಳಿಯನ್ನು ನಮ್ಮ ಕೇರಿಯಲ್ಲಿ, ನನ್ನ ಮನೆಯ ಬಾಗಿಲ ಮೇಲೆ, ಒಂದು ಗಿಳಿ ಕೂರಿಸಿ, ನಾನೇ ಕೂಡಿಸಿದೆ. ಲಾಲ್ ಸಾಬರು ವೀಳ್ಯ ಕೊಟ್ಟು, ಇದು ಕಾಟಮ್ಮನ ಕೈ ಎಂದರು. ಕೇರಿಯ ಮಕ್ಕಳು ಚಪ್ಪಾಳೆ ಹೊಡೆದವು.

ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಕೇರಿಯ ಬಾಯಿಗೆ ಕಾರು ನಿಂತಿತು. ರುದ್ರಮುನಿ ಸಾಹುಕಾರರು. ಮಗಳು ರೂಪಶ್ರೀಯ ಮದುವೆ ಬಳ್ಳಾರಿಯ ಆ ಮನೆಗೇ ಕೂಡಿಬಂದಿತ್ತಂತೆ. ಬೀಗರು ಹಟ ಹಿಡಿದಿದ್ದರಂತೆ, ಮಂಟಪಕ್ಕೆ ಅದೇ ಕಮಾನು ಬೇಕು, ಮುರಿದು ಬೀಳುವ ಮೊದಲು ಕಂಡದ್ದು. ಅಂಥದ್ದನ್ನು ಮಾಡುವ ಕೈ ಇಡೀ ಸೀಮೆಯಲ್ಲಿ ಒಂದೇ.

ನನ್ನ ಮನೆಯ ಬಾಗಿಲು ಗಿಡ್ಡ. ಸಾಹುಕಾರರು ಎತ್ತರದ ಆಳು. ಸೊಂಟದವರೆಗೆ ಬಗ್ಗಿದರು. ಹೊಸ್ತಿಲಲ್ಲಿ ಹಾಗೇ ನಿಂತರು.

"ಆಗಿದ್ದಾತು ಕಾಟಮ್ಮ. ಮರೆತುಬಿಡು" ಎಂದರು. ಅವರ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಅದಕ್ಕೂ ಬಾಗಿಲಲ್ಲಿ ಬಗ್ಗಬೇಕಾಯಿತು.

ನಾನು ಒಂದು ಚೊಂಬು ನೀರು ತಂದೆ. ಹೊಳೆಯ ನೀರು, ತಣ್ಣಗಿತ್ತು. "ಬಿಸಿಲಾಗ ಬಂದೀರಿ. ಕುಡೀರಿ. ಆಮೇಲೆ ಕೆಲಸದ ಮಾತು."

ಅವರು ಚೊಂಬನ್ನು ನೋಡಿದರು. ಕೈ ಅರ್ಧಕ್ಕೆ ಬಂದು ನಿಂತಿತು.

"ಮರಕ್ಕ ನೀರು ಆಗಂಗಿಲ್ಲ ಅಂದಿದ್ದೆ" ಎಂದೆ. "ಮನುಷ್ಯರಿಗೆ ಆಗ್ತೈತ್ರಿ. ಕುಡೀರಿ."

ಇಪ್ಪತ್ತು ಉಸಿರು ಕಾದೆ. ನಾನು ಮರಕ್ಕೂ ಅಷ್ಟೇ ಕೊಡುವುದು. ಅವರ ಕೈ ಮುಂದೆ ಬರಲಿಲ್ಲ.

ನಾನು ಚೊಂಬೆತ್ತಿ ಅವರ ತಲೆಯ ಮೇಲಿದ್ದ ಬಳ್ಳಿಗೆ ಸುರಿದೆ. ಬಳ್ಳಿಯ ಒಂದೊಂದು ತಿರುವನ್ನೂ ಸುತ್ತಿ, ಗಿಳಿಯ ಕೊಕ್ಕಿನಿಂದ ಇಳಿದು, ನೀರು ಅವರ ನೆತ್ತಿಯ ಮೇಲೆ, ವಿಭೂತಿಯ ಮೇಲೆ, ಬಿಳಿ ಅಂಗಿಯ ಮೇಲೆ ಬಿತ್ತು. ಬಗ್ಗಿದ್ದ ಬೆನ್ನಿನ ಮೇಲೆ ಪೂರ್ತಿ ಹರಿಯಿತು.

ಬಳ್ಳಿ ಕೂದಲೆಳೆಯಷ್ಟೂ ಬಿಚ್ಚಲಿಲ್ಲ.

ಸಾಹುಕಾರರು ಮನೆಗೆ ಹೋಗಿ ಎಷ್ಟು ಕೊಡ ಸುರಿದುಕೊಂಡರೋ, ಬಿಸಿನೀರೋ ತಣ್ಣೀರೋ, ನನಗೆ ತಿಳಿಯದು.